ಲೆಕ್ಕಕ್ಕಿಲ್ಲದವರ ವಂತಿಗೆ

2010ರ ಮೇ ತಿಂಗಳ ಮೊದಲ ವಾರ. ಅಮೆರಿಕದ ವುಲ್ಫೈರ್ ಗೇಮ್ಸ್ ಎಂಬ ಪುಟ್ಟ ಕಂಪನಿ ‘ಹಂಬಲ್ ಇಂಡೀ ಬಂಡಲ್’ ಎಂಬ ಹೆಸರಿಟ್ಟು ಐದು ಕಂಪ್ಯೂಟರ್ ಆಟಗಳನ್ನು ಒಂದೇ ಗಂಟಾಗಿ ಕಟ್ಟಿ ಮಾರಾಟಕ್ಕಿಟ್ಟಿತು. ಬೆಲೆ? ಕೊಳ್ಳುವವರು ಹೇಳಿದ್ದೇ ಬೆಲೆ. ಒಂದು ಸೆಂಟ್ ಕೊಟ್ಟರೂ ವರ್ಲ್ಡ್ ಆಫ್ ಗೂ, ಅಕ್ವೇರಿಯಾ, ಗಿಶ್, ಲುಗಾರು, ಪೆನಂಬ್ರಾ ಐದೂ ನಿಮ್ಮವು. ಕೊಟ್ಟ ದುಡ್ಡಿನಲ್ಲಿ ಆಟ ಕಟ್ಟಿದವರಿಗೆಷ್ಟು, ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಆಟಿಕೆ ಒದಗಿಸುವ ಚೈಲ್ಡ್ಸ್ ಪ್ಲೇ ಸಂಸ್ಥೆಗೆಷ್ಟು, ಡಿಜಿಟಲ್ ಹಕ್ಕುಗಳಿಗೆ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ಗೆಷ್ಟು ಎಂದು ಹಂಚುವ ಅಧಿಕಾರವೂ ಕೊಳ್ಳುವವರದೇ.

ಆದರೆ ಜನ ಮತ್ತೆ ಮತ್ತೆ ಬಂದು ನೋಡುತ್ತಿದ್ದುದು ಆಟಗಳ ಚಿತ್ರಗಳನ್ನಲ್ಲ, ಕೆಳಗಿದ್ದ ಲೆಕ್ಕದ ಪಟ್ಟಿಯನ್ನು. ವಿಂಡೋಸ್ ಬಳಸುವವರು ಸರಾಸರಿ ಎಷ್ಟು ಕೊಟ್ಟರು, ಮ್ಯಾಕ್‌ನವರು ಎಷ್ಟು, ಲಿನಕ್ಸ್‌ನವರು ಎಷ್ಟು ಎಂಬ ಮೂರು ಅಂಕಿಗಳು ಅಲ್ಲಿ ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದವು. ಮಾರಾಟ ಮುಗಿದಾಗ ಸುಮಾರು 1.38 ಲಕ್ಷ ಜನ 12.7 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟಿದ್ದರು. ವಿಂಡೋಸ್‌ನವರ ಸರಾಸರಿ 8 ಡಾಲರ್ ಆಸುಪಾಸು. ಲಿನಕ್ಸ್‌ನವರದು 14 ದಾಟಿತ್ತು. ಒಟ್ಟು ಹಣದಲ್ಲಿ ಕಾಲು ಭಾಗಕ್ಕೆ ಹತ್ತಿರ ಅವರ ಜೇಬಿನಿಂದಲೇ ಬಂದಿತ್ತು.

ಕಂಪ್ಯೂಟರ್ ಆಟಗಳ ಲೋಕದಲ್ಲಿ ಲಿನಕ್ಸ್ ಬಳಕೆದಾರರೆಂದರೆ ಅಲ್ಲಿಯವರೆಗೆ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಎಷ್ಟೋ ಸಲ ಆಟಕ್ಕೂ ಇಲ್ಲ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಈ ಮುಕ್ತ ತಂತ್ರಾಂಶ ಸರ್ವರುಗಳನ್ನು ಗೆದ್ದಿತ್ತು, ಆದರೆ ಮನೆಯ ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಅದರ ಪಾಲು ನೂರಕ್ಕೊಂದರ ಸುತ್ತಮುತ್ತ. ಅದನ್ನು ಬಳಸುವವರಿಗೆಲ್ಲ ಪುಕ್ಕಟೆ ತಂತ್ರಾಂಶದ ರೂಢಿ, ಆಟಕ್ಕೆ ದುಡ್ಡು ಬಿಚ್ಚುವವರಲ್ಲ ಎಂಬ ಮಾತು ಉದ್ಯಮದಲ್ಲಿ ಗಟ್ಟಿಯಾಗಿ ಕೂತಿತ್ತು. ಹಂಬಲ್ ಬಂಡಲ್‌ನ ಪಟ್ಟಿ ಮೊದಲು ಅಲುಗಾಡಿಸಿದ್ದು ಆ ಮಾತನ್ನು.

ಆ ಮಾತು ಹುಟ್ಟಿದ್ದಕ್ಕೆ ಕಾರಣವೂ ಇತ್ತು. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಕೀಲ ಸ್ಕಾಟ್ ಡ್ರೇಕರ್ ‘ಲೋಕಿ ಸಾಫ್ಟ್‌ವೇರ್’ ಕಟ್ಟಿದರು. ಬೇರೆಯವರ ವಿಂಡೋಸ್ ಆಟಗಳನ್ನು ಹಕ್ಕು ಕೊಂಡು ಲಿನಕ್ಸ್‌ಗೆ ಹೊಂದಿಸಿ, ಡಬ್ಬಿಯಲ್ಲಿಟ್ಟು ಮಾರುವುದು ಅವರ ವ್ಯಾಪಾರ. ‘ಸಿವಿಲೈಸೇಶನ್: ಕಾಲ್ ಟು ಪವರ್’ 1999ರಲ್ಲಿ ಬಂತು, ‘ಕ್ವೇಕ್ 3’, ‘ಸಿಮ್‌ಸಿಟಿ 3000’ ಮುಂತಾದವು ಹಿಂಬಾಲಿಸಿದವು. ಆದರೆ ಲಿನಕ್ಸ್ ಡಬ್ಬಿ ಅಂಗಡಿಗೆ ಬರುವ ಹೊತ್ತಿಗೆ ಕಾಯುವ ತಾಳ್ಮೆಯಿಲ್ಲದವರು ಅದೇ ಆಟದ ವಿಂಡೋಸ್ ಡಬ್ಬಿ ಕೊಂಡು ಆಡಿ ಮುಗಿಸಿರುತ್ತಿದ್ದರು. 2001ರಲ್ಲಿ ಲೋಕಿ ದಿವಾಳಿ ಅರ್ಜಿ ಹಾಕಿತು, 2002ರ ಜನವರಿಯಲ್ಲಿ ಬಾಗಿಲು ಮುಚ್ಚಿತು.

ಒಂದು ಆಟವನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ ಒಯ್ಯುವುದು ಎಂಥ ಕೆಲಸ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚಿತ್ರ ಮೂಡಿಸಲು, ಸದ್ದು ಹೊರಡಿಸಲು ಬಹಳಷ್ಟು ವಿಂಡೋಸ್ ಆಟಗಳು ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ ಅನ್ನು ನೆಚ್ಚಿಕೊಂಡಿರುತ್ತವೆ. ಲಿನಕ್ಸ್‌ನಲ್ಲಿ ಅದಿಲ್ಲ, ಆ ಭಾಗವನ್ನೆಲ್ಲ ಹೊಸದಾಗಿ ಬರೆಯಬೇಕು. ಅದು ದೊಡ್ಡ ಕೆಲಸ. ತಲೆ ತಿನ್ನುವುದು ಸಣ್ಣವು. ವಿಂಡೋಸ್‌ಗೆ ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರವಿದ್ದರೂ ಒಂದೇ, ಸಣ್ಣಕ್ಷರವಿದ್ದರೂ ಒಂದೇ. ಲಿನಕ್ಸ್‌ಗೆ ಅವೆರಡೂ ಬೇರೆ ಬೇರೆ ಫೈಲು. ಕಲಾವಿದರೊಬ್ಬರು ಗೋಡೆಯ ಚಿತ್ರವನ್ನು ದೊಡ್ಡಕ್ಷರದ ಹೆಸರಿನಲ್ಲಿ ಉಳಿಸಿ, ಪ್ರೋಗ್ರಾಮರ್ ಅದನ್ನೇ ಸಣ್ಣಕ್ಷರದಲ್ಲಿ ಕರೆದಿದ್ದರೆ ವಿಂಡೋಸ್‌ನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಲಿನಕ್ಸ್‌ನಲ್ಲಿ ಗೋಡೆಯೇ ಮಾಯ. ಇಂಥ ಸಾವಿರಾರು ಫೈಲುಗಳನ್ನು ಜಾಲಾಡಲು ಸಂಬಳ ಕೊಟ್ಟು ಜನ ಇಡಬೇಕು. ನೂರಕ್ಕೊಬ್ಬ ಗಿರಾಕಿಗಾಗಿ ಯಾರು ಇಟ್ಟಾರು?

ಲೋಕಿ ಮುಳುಗಿದರೂ ಅದರ ಗರಡಿಯಲ್ಲಿ ಪಳಗಿದವರು ಉಳಿದರು. ಸ್ಯಾಮ್ ಲ್ಯಾಂಟಿಂಗಾ ಬರೆದ ಎಸ್‌ಡಿಎಲ್ ಎಂಬ ಕೋಡ್ ಸಂಗ್ರಹ ಚಿತ್ರ, ಸದ್ದು, ಕೀಲಿಮಣೆಗಳನ್ನು ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ರೀತಿ ನಿಭಾಯಿಸುತ್ತದೆ, ಇವತ್ತಿಗೂ ಅಸಂಖ್ಯ ಆಟಗಳ ಬುಡದಲ್ಲಿದೆ. ಅಲ್ಲೇ ದುಡಿದಿದ್ದ ರಯಾನ್ ಗಾರ್ಡನ್ ಮುಂದೆ ಒಂಟಿಯಾಗಿ ಆಟಗಳನ್ನು ಲಿನಕ್ಸ್‌ಗೆ ತರುತ್ತ ಹೋದರು. ಹಂಬಲ್ ಗಂಟಿನಲ್ಲಿದ್ದ ಅಕ್ವೇರಿಯಾ ಲಿನಕ್ಸ್‌ಗೆ ಬಂದದ್ದು ಅವರ ಕೈಯಿಂದಲೇ.

ಇತ್ತ, ಕ್ರೌಡ್‌ಫಂಡಿಂಗ್ ಎಂಬ ಪದ ಚಲಾವಣೆಗೆ ಬರುವ ಮೊದಲೇ ಮುಕ್ತ ತಂತ್ರಾಂಶದವರು ವಂತಿಗೆ ಎತ್ತಲು ಕಲಿತಿದ್ದರು. ಕೆನಡಾದ ಟ್ರಾನ್ಸ್‌ಗೇಮಿಂಗ್ ಕಂಪನಿ ತಿಂಗಳಿಗೆ 5 ಡಾಲರ್ ಚಂದಾ ಪಡೆದು ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ ಕೊಡುತ್ತಿತ್ತು. ಮುಂದೆ ಯಾವ ಆಟಕ್ಕೆ ಕೈ ಹಾಕಬೇಕೆಂದು ಚಂದಾದಾರರೇ ಮತ ಹಾಕುತ್ತಿದ್ದರು. 2002ರಲ್ಲಿ ಡಚ್ಚರ ನಾಡಿನಲ್ಲಿ ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರ ತಂತ್ರಾಂಶದ ಕಂಪನಿ ಮುಳುಗಿದಾಗ, ಒಂದು ಲಕ್ಷ ಯೂರೋ ಕೊಟ್ಟರೆ ಅದನ್ನು ಬಿಟ್ಟುಕೊಡುತ್ತೇವೆಂದು ಹೂಡಿಕೆದಾರರು ಒಪ್ಪಿದರು. ಬ್ಲೆಂಡರ್‌ನ ಜನಕ ಟಾನ್ ರೂಸೆಂಡಾಲ್ ಬಳಕೆದಾರರ ಮುಂದೆ ಜೋಳಿಗೆ ಹಿಡಿದರು. ಏಳೇ ವಾರದಲ್ಲಿ ಜೋಳಿಗೆ ತುಂಬಿತು. ಅದೇ ಅಕ್ಟೋಬರಿನಲ್ಲಿ ಬ್ಲೆಂಡರ್ ಎಲ್ಲರ ಸ್ವತ್ತಾಯಿತು.

ಎಲ್ಲ ಜೋಳಿಗೆಗಳೂ ತುಂಬಲಿಲ್ಲ. 2006ರಲ್ಲಿ ‘ರೈಝಮ್’ ಎಂಬ ಆನ್‌ಲೈನ್ ಆಟದ ಫ್ರೆಂಚ್ ಕಂಪನಿ ದಿವಾಳಿಯಾದಾಗ ಅದನ್ನು ಕೊಂಡು ಮುಕ್ತಗೊಳಿಸಲು ಅಭಿಮಾನಿಗಳು ಹೊರಟರು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 60,000 ಡಾಲರ್ ಕೊಡುವ ಮಾತೂ ಕೊಟ್ಟಿತು. ಆಟ ಬೇರೆಯವರ ಪಾಲಾಯಿತು. ಆದರೆ 2010ರಲ್ಲಿ ಅದರ ಹೊಸ ಒಡೆಯರೇ ಮೂಲ ಕೋಡನ್ನೂ ಚಿತ್ರಗಳನ್ನೂ ಮುಕ್ತ ಪರವಾನಗಿಯಲ್ಲಿ ಬಿಟ್ಟರು.

ತಾಳ್ಮೆಯ ಪರೀಕ್ಷೆ ನಡೆದದ್ದು ‘ಪಂಡೋರಾ’ ವಿಷಯದಲ್ಲಿ. ಲಿನಕ್ಸ್ ಓಡುವ, ಅಂಗೈಯಲ್ಲಿ ಹಿಡಿಯುವ ಆಟದ ಯಂತ್ರ ಅದು. ಮಡಚಿದರೆ ದಪ್ಪ ಡಬ್ಬಿ, ಬಿಡಿಸಿದರೆ ಮೇಲೆ 4.3 ಇಂಚಿನ ಪರದೆ, ಕೆಳಗೆ ಪುಟ್ಟ ಕೀಲಿಮಣೆ, ಎರಡು ಬದಿಗೆ ಹೆಬ್ಬೆರಳಿಗೊಂದೊಂದು ತಿರುಗುಗುಂಡಿ. ಕಟ್ಟಿದವರು ದೊಡ್ಡ ಕಂಪನಿಯವರಲ್ಲ, ಇಂಥ ಯಂತ್ರಗಳ ಹುಚ್ಚು ಹಿಡಿಸಿಕೊಂಡ ಕೆಲವು ಉತ್ಸಾಹಿಗಳು. 2008ರ ಸೆಪ್ಟೆಂಬರ್ 30ರಂದು ಮುಂಗಡ ಪಡೆಯಲು ಶುರುಮಾಡಿದರು. ಮೊದಲ ಕಂತಿನ 4,000 ಯಂತ್ರಗಳಿಗೆ ಜನ ಪೂರ್ತಿ ಹಣ ಮೊದಲೇ ಕಟ್ಟಿದರು. ಯಂತ್ರಗಳು ಕೈ ಸೇರತೊಡಗಿದ್ದು 2010ರ ಮೇ ತಿಂಗಳಲ್ಲಿ, ಅಂದರೆ ಹಂಬಲ್ ಬಂಡಲ್ ಗದ್ದಲವೆಬ್ಬಿಸಿದ ತಿಂಗಳಲ್ಲೇ. ಅಲ್ಲಿಯವರೆಗೆ ಒಂದೂವರೆ ವರ್ಷಕ್ಕೂ ಮೀರಿದ ಕಾಯುವಿಕೆ.

ಹೀಗೆ ಅಲ್ಲೊಂದು ಇಲ್ಲೊಂದು ನಡೆಯುತ್ತಿದ್ದುದು 2012ರಲ್ಲಿ ಕಟ್ಟೆಯೊಡೆಯಿತು. ಫೆಬ್ರುವರಿಯಲ್ಲಿ ಟಿಮ್ ಶೇಫರ್ ಅವರ ಡಬಲ್ ಫೈನ್ ಕಂಪನಿ, ಪ್ರಕಾಶಕರು ಮೂಸಿಯೂ ನೋಡದ ಹಳೇ ಶೈಲಿಯ ಸಾಹಸದ ಆಟವೊಂದಕ್ಕೆ ಕಿಕ್‌ಸ್ಟಾರ್ಟರ್ ಎಂಬ ವಂತಿಗೆಯ ಜಾಲತಾಣದಲ್ಲಿ 4 ಲಕ್ಷ ಡಾಲರ್ ಕೇಳಿತು. ಒಂದೇ ದಿನದಲ್ಲಿ 10 ಲಕ್ಷ ದಾಟಿತು. ತಿಂಗಳು ಮುಗಿಯುವಷ್ಟರಲ್ಲಿ 87,000ಕ್ಕೂ ಹೆಚ್ಚು ಜನರಿಂದ 33 ಲಕ್ಷ. ಬೆಂಗಳೂರಿನಲ್ಲೂ ಸುಮಾರು ಅದೇ ಕಾಲದಲ್ಲಿ ಪವನ್ ಕುಮಾರ್ ‘ಲೂಸಿಯಾ’ ಚಿತ್ರಕ್ಕೆ ನಿರ್ಮಾಪಕರ ಬಾಗಿಲು ಬಿಟ್ಟು ಪ್ರೇಕ್ಷಕರ ಬಾಗಿಲು ತಟ್ಟಿದ್ದರು, ಅರ್ಧ ಕೋಟಿ ರೂಪಾಯಿಯಷ್ಟು ಕೂಡಿತ್ತು. ಜಾತ್ರೆಗೆ, ತೇರಿಗೆ ಮನೆಮನೆಯಿಂದ ವಂತಿಗೆ ಎತ್ತಿ ಗೊತ್ತಿರುವ ಕನ್ನಡಿಗರಿಗೆ ಇದರಲ್ಲಿ ಹೊಸದೆನಿಸಿದ್ದು ಅಪರಿಚಿತರ ಮೇಲಿನ ನಂಬಿಕೆಯೊಂದೇ ಇರಬೇಕು.

ಕಿಕ್‌ಸ್ಟಾರ್ಟರ್‌ನ ನಿಯಮ ಸರಳ. ಕೇಳಿದಷ್ಟು ಕೂಡಿದರೆ ಮಾತ್ರ ಹಣ ಕೈಗೆ, ಇಲ್ಲದಿದ್ದರೆ ಬಿಡಿಗಾಸೂ ಇಲ್ಲ. ಗುರಿ ದಾಟಿದ ಮೇಲೂ ಹುರುಪು ಇಳಿಯದಿರಲೆಂದು ಆಟದವರು ಕಂಡುಕೊಂಡ ದಾರಿ ‘ಸ್ಟ್ರೆಚ್ ಗೋಲ್’. ಇನ್ನಿಷ್ಟು ಬಂದರೆ ಹೊಸ ಊರು, ಇನ್ನಷ್ಟು ಬಂದರೆ ಹೊಸ ಪಾತ್ರ. ಆ ಪಟ್ಟಿಯೊಳಗೆ ಮ್ಯಾಕ್ ಮತ್ತು ಲಿನಕ್ಸ್ ಆವೃತ್ತಿಗಳೂ ಸೇರಿದವು. ಡಬಲ್ ಫೈನ್ ಹಣ ಏರುತ್ತಿದ್ದಂತೆ ಲಿನಕ್ಸ್‌ನ ಮಾತು ಕೊಟ್ಟಿತು. ಮಾರ್ಚಿನಲ್ಲಿ ಬ್ರಯಾನ್ ಫಾರ್ಗೋ ಅವರ ‘ವೇಸ್ಟ್‌ಲ್ಯಾಂಡ್ 2’ ಅದೇ ಮಾತು ಕೊಟ್ಟು 29 ಲಕ್ಷ ಡಾಲರ್ ಎತ್ತಿತು. ಇಬ್ಬರೇ ಸೇರಿ ಕಟ್ಟುತ್ತಿದ್ದ ‘ಎಫ್‌ಟಿಎಲ್’ 10,000 ಡಾಲರ್ ಕೇಳಿ 2 ಲಕ್ಷ ಪಡೆಯಿತು. ಆ ಸೆಪ್ಟೆಂಬರಿನಲ್ಲೇ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಒಂದೇ ದಿನ ಹೊರಬಂತು.

ಲೋಕಿಯ ಕಾಲಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಇಲ್ಲಿದೆ. ಆಗ ಲಿನಕ್ಸ್ ಆವೃತ್ತಿಯೆಂದರೆ ಆಟ ಬಂದ ಮೇಲೆ ಯಾರೋ ಮಾಡುವ ಹೊಂದಾಣಿಕೆ. ಈಗ ಅದು ಮೊದಲ ಸಾಲು ಕೋಡ್ ಬರೆಯುವ ಮುಂಚೆಯೇ ಕೊಟ್ಟ ಮಾತು. ಮಾತು ಕೊಟ್ಟ ಮೇಲೆ ಅದಕ್ಕೆ ತಕ್ಕ ಸಲಕರಣೆ ಬೇಕು. ವೇಸ್ಟ್‌ಲ್ಯಾಂಡ್ 2ರವರು ಆರಿಸಿಕೊಂಡ ಯುನಿಟಿ ಎಂಜಿನ್‌ಗೆ ಆಗ ಲಿನಕ್ಸ್ ಬರುತ್ತಿರಲಿಲ್ಲ. 2012ರ ಜೂನ್‌ನಲ್ಲಿ ಯುನಿಟಿ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಲಿನಕ್ಸ್ ಸೇರಿಸುವುದಾಗಿ ಸಾರಿತು, ವರ್ಷ ಮುಗಿಯುವ ಮುಂಚೆ ಸೇರಿಸಿಯೂ ಬಿಟ್ಟಿತು. ವೇಸ್ಟ್‌ಲ್ಯಾಂಡ್ 2, ‘ಶ್ಯಾಡೋರನ್ ರಿಟರ್ನ್ಸ್’, ಸುಮಾರು 40 ಲಕ್ಷ ಡಾಲರ್ ಎತ್ತಿದ ‘ಪಿಲ್ಲರ್ಸ್ ಆಫ್ ಇಟರ್ನಿಟಿ’, 41 ಲಕ್ಷ ದಾಟಿದ ‘ಟಾರ್ಮೆಂಟ್’ ನಾಲ್ಕೂ ಯುನಿಟಿಯಲ್ಲೇ ಕಟ್ಟಿದವು, ನಾಲ್ಕೂ ಲಿನಕ್ಸ್‌ಗೆ ಬಂದವು. ವಂತಿಗೆ ಎತ್ತದ ಸಾವಿರಾರು ಸಣ್ಣಪುಟ್ಟ ಆಟಗಳಿಗೂ ಅದೇ ಬಾಗಿಲು ತೆರೆದಿತ್ತು.

2012ರ ಜುಲೈನಲ್ಲಿ, ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯ ಒಡೆಯರಾದ ವಾಲ್ವ್‌ನ ಗೇಬ್ ನ್ಯೂವೆಲ್, ವಿಂಡೋಸ್ 8 ಪಿಸಿ ಲೋಕಕ್ಕೇ ಅನಾಹುತ ಎಂದು ಸಿಯಾಟಲ್‌ನಲ್ಲಿ ಗುಡುಗಿದರು. ಮೈಕ್ರೋಸಾಫ್ಟ್ ತನ್ನದೇ ಅಂಗಡಿ ತೆರೆಯುತ್ತಿತ್ತು, ವಾಲ್ವ್‌ಗೆ ತಪ್ಪಿಸಿಕೊಳ್ಳುವ ಹಿಂಬಾಗಿಲು ಬೇಕಿತ್ತು, ಕಂಡದ್ದು ಲಿನಕ್ಸ್. ಅದಕ್ಕೂ ಕಿಕ್‌ಸ್ಟಾರ್ಟರ್‌ಗೂ ನೇರ ಸಂಬಂಧವಿಲ್ಲ. ಆದರೆ 2013ರ ಫೆಬ್ರುವರಿ 14ರಂದು ಲಿನಕ್ಸ್‌ಗೆ ಸ್ಟೀಮ್ ತೆರೆದಾಗ ಕಪಾಟಿನಲ್ಲಿ ಇಡಲು ಸರಕಿತ್ತು. ಹಂಬಲ್ ಗಂಟುಗಳಿಗಾಗಿ ಲಿನಕ್ಸ್‌ಗೆ ಬಂದಿದ್ದ ಆಟಗಳು ಅಲ್ಲಿದ್ದವು, ವಂತಿಗೆಯ ಆಟಗಳು ಹಾದಿಯಲ್ಲಿದ್ದವು.

ಮಾತು ತಪ್ಪಿದವರ ಪಟ್ಟಿಯೂ ಚಿಕ್ಕದಲ್ಲ. ‘ಕಾರ್ಮಗೆಡನ್: ರೀಇನ್‌ಕಾರ್ನೇಶನ್’ 2012ರಲ್ಲಿ 6 ಲಕ್ಷ ಡಾಲರ್ ಮುಟ್ಟಿದರೆ ಮ್ಯಾಕ್, ಲಿನಕ್ಸ್ ಎರಡೂ ಎಂದಿತ್ತು. 6.25 ಲಕ್ಷ ಬಂತು. 2015ರಲ್ಲಿ ಆಟವೂ ಬಂತು. ಲಿನಕ್ಸ್ ಆವೃತ್ತಿ ಬರಲೇ ಇಲ್ಲ. ವಂತಿಗೆ ಅಂಗಡಿಯ ಖರೀದಿಯಂತಲ್ಲ. ಬೈಯಬಹುದು, ವಾಪಸು ಕೇಳುವುದು ಕಷ್ಟ. ಲಿನಕ್ಸ್‌ನ ಮನೆಮಗನಂಥ, ಕೋಡ್ ಪೂರ್ತಿ ಮುಕ್ತವಾಗಿರುವ ‘0 ಎ.ಡಿ.’ ಎಂಬ ಪುರಾತನ ಯುದ್ಧಗಳ ಆಟ 2013ರಲ್ಲಿ ಇಂಡಿಗೋಗೋ ಎಂಬ ಇನ್ನೊಂದು ವಂತಿಗೆಯ ತಾಣದಲ್ಲಿ 1.6 ಲಕ್ಷ ಡಾಲರ್ ಕೇಳಿದಾಗ ಸಿಕ್ಕಿದ್ದು ಸುಮಾರು 33,000. ಪುಕ್ಕಟೆ ಸಿಗುವ ಆಟಕ್ಕೆ ದುಡ್ಡೆತ್ತುವುದು, ಹೆಸರಾಂತ ನಿರ್ಮಾತೃವಿನ ಹಳೆಯ ನೆನಪಿಗೆ ದುಡ್ಡೆತ್ತಿದಷ್ಟು ಸಲೀಸಾಗಿರಲಿಲ್ಲ.

2015ರಲ್ಲಿ ಬಂದ, ವಾಲ್ವ್‌ನ ಲಿನಕ್ಸ್ ಆಧಾರಿತ ಆಟದ ಯಂತ್ರಗಳಾದ ಸ್ಟೀಮ್ ಮಷೀನ್‌ಗಳೂ ನೆಲಕಚ್ಚಿದವು. ಆಗ ವಾಲ್ವ್ ದಾರಿ ಬದಲಿಸಿತು. ಆಟದವರ ಬೆನ್ನು ಹತ್ತುವ ಬದಲು ವಿಂಡೋಸ್ ಆಟವನ್ನೇ ಇದ್ದಂತೆ ಲಿನಕ್ಸ್‌ನಲ್ಲಿ ಓಡಿಸುವ ‘ಪ್ರೋಟಾನ್’ ಅನ್ನು 2018ರ ಆಗಸ್ಟ್‌ನಲ್ಲಿ ಹೊರತಂದಿತು. ಇದರ ಬೇರು 1993ರಲ್ಲಿ ಶುರುವಾದ ವೈನ್ ಎಂಬ ಮುಕ್ತ ತಂತ್ರಾಂಶದಲ್ಲಿದೆ. ಟ್ರಾನ್ಸ್‌ಗೇಮಿಂಗ್ 5 ಡಾಲರ್ ಚಂದಾ ಪಡೆದು ಮಾಡಿದ್ದೂ ಅದೇ ಬೇರಿನ ಚಿಗುರು. 2022ರ ಫೆಬ್ರುವರಿಯಲ್ಲಿ ಪ್ರೋಟಾನ್ ಹೊತ್ತ ಅಂಗೈ ಯಂತ್ರ ‘ಸ್ಟೀಮ್ ಡೆಕ್’ ಬಂತು. ಪಂಡೋರಾಕ್ಕೆ ಮುಂಗಡ ಕಟ್ಟಿ ಕಾದವರಿಗೆ ಆ ಆಕಾರ ಹೊಸದಾಗಿ ಕಂಡಿರಲಾರದು. ಸ್ಟೀಮ್‌ನ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು 2025ರ ಅಕ್ಟೋಬರಿನಲ್ಲಿ ನೂರಕ್ಕೆ ಮೂರನ್ನು ದಾಟಿತು.

ಹೀಗಾಗಿ ‘ಲಿನಕ್ಸ್ ಆವೃತ್ತಿ ಬೇಕು’ ಎಂಬ ಹಳೆಯ ಬೇಡಿಕೆಯ ಬಿಸಿ ಆರಿತು. ವಂತಿಗೆಯೂ ಆಟಗಳಿಂದ ಸಲಕರಣೆಗಳ ಕಡೆಗೆ ತಿರುಗಿತು. ಅರ್ಜೆಂಟೀನಾದಲ್ಲಿ ಹುಟ್ಟಿ 2014ರಲ್ಲಿ ಮುಕ್ತವಾದ ಗೊಡೋ ಎಂಜಿನ್ ತಿಂಗಳ ಚಂದಾದಿಂದ ತನ್ನ ಪ್ರೋಗ್ರಾಮರುಗಳಿಗೆ ಸಂಬಳ ಕೊಡತೊಡಗಿತು. 2023ರ ಸೆಪ್ಟೆಂಬರಿನಲ್ಲಿ ಯುನಿಟಿ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಹೇರಲು ಹೋಗಿ ಆಟ ಕಟ್ಟುವವರ ಸಿಟ್ಟಿಗೆ ಗುರಿಯಾದಾಗ ಗೊಡೋದ ಜೋಳಿಗೆ ಉಬ್ಬಿತು. ‘ಟೆರೇರಿಯಾ’ ಆಟದ ಕಂಪನಿಯೊಂದೇ ಅದಕ್ಕೆ ಒಂದು ಲಕ್ಷ ಡಾಲರ್ ಹಾಕಿತು.

ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ ಒಂದರ ದಾರಿ ನೋಡಿದರೆ ಈ ಏರಿಳಿತವೆಲ್ಲ ಅಲ್ಲೇ ಸಿಗುತ್ತದೆ. 2013ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ 9.44 ಲಕ್ಷ ಡಾಲರ್ ಪಡೆದು ‘ಡಿವಿನಿಟಿ: ಒರಿಜಿನಲ್ ಸಿನ್’ ಕಟ್ಟಿತು. ವಿಂಡೋಸ್‌ನವರ ಕೈಗೆ 2014ರ ಜೂನ್‌ನಲ್ಲಿ ಆಟ ಸಿಕ್ಕರೆ ಲಿನಕ್ಸ್‌ನವರು 2015ರ ಡಿಸೆಂಬರ್‌ವರೆಗೆ ಕಾದರು. ಮತ್ತೆ ವಂತಿಗೆ ಎತ್ತಿ ಕಟ್ಟಿದ ಎರಡನೆಯ ಭಾಗಕ್ಕೆ ಲಿನಕ್ಸ್ ಆವೃತ್ತಿಯೇ ಇಲ್ಲ. ಆ ಎರಡು ಆಟಗಳ ಗೆಲುವಿನ ಮೇಲೆ ನಿಂತು ಕಂಪನಿ ಕಟ್ಟಿದ ‘ಬಾಲ್ಡರ್ಸ್ ಗೇಟ್ 3’ 2023ರಲ್ಲಿ ಲೋಕವನ್ನೇ ಗೆದ್ದಿತು. ಲಿನಕ್ಸ್‌ನವರು ಪ್ರೋಟಾನ್ ಹಚ್ಚಿಕೊಂಡು ಆಡಿದರು. 2025ರ ಸೆಪ್ಟೆಂಬರಿನಲ್ಲಿ ಅದೇ ಆಟಕ್ಕೆ ಸ್ಟೀಮ್ ಡೆಕ್‌ಗೆಂದೇ, ಪ್ರೋಟಾನ್‌ನ ಹಂಗಿಲ್ಲದ ಲಿನಕ್ಸ್ ಆವೃತ್ತಿಯೊಂದು ಹೊರಬಂತು. ಈ ಸಲ ವಂತಿಗೆಯಿರಲಿಲ್ಲ, ಕೊಟ್ಟ ಮಾತೂ ಇರಲಿಲ್ಲ. ಕಂಪನಿಯ ಎಂಜಿನಿಯರ್ ಒಬ್ಬರು ಕೆಲಸದ ಹೊತ್ತು ಮುಗಿದ ಮೇಲೆ ತಮ್ಮ ಹುಚ್ಚಿಗೆ ಶುರುಮಾಡಿಕೊಂಡ ಕೆಲಸವಂತೆ ಅದು.