ಓದಿಗೊಂದು ಕೋಣೆ

ಏಕಾಂತವಿಲ್ಲದೆ ಇಲ್ಮ್ ಬೆಳೆಯದು ಎಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಬಹಮನಿ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾ ಇದಕ್ಕೆ ಸಾಕ್ಷಿ. 1472ರ ಸುಮಾರಿಗೆ ಪೂರ್ಣಗೊಂಡ ಈ ಮೂರು ಅಂತಸ್ತಿನ ಕಟ್ಟಡದ ನಡುವೆ ವಿಶಾಲ ಅಂಗಳ. ಸುತ್ತಲೂ ಉಪನ್ಯಾಸ ಕೊಠಡಿಗಳು, ಮಸೀದಿ, ಗ್ರಂಥಾಲಯ, ಉಸ್ತಾದರು ಹಾಗೂ ವಿದ್ಯಾರ್ಥಿಗಳ ವಸತಿ ಕೋಣೆಗಳು. ದಪ್ಪ ಗೋಡೆಗಳು ಬೀದಿಯ ಗದ್ದಲವನ್ನು ತಡೆದರೆ, ಅಂಗಳವು ಕೋಣೆಗಳಿಗೆ ಗಾಳಿ ಬೆಳಕು ಕೊಡುತ್ತಿತ್ತು. ಕೂಡಿ ಕಲಿಯಲು ಸಭಾಂಗಣ, ಒಂಟಿಯಾಗಿ ಓದಲು ಕೋಣೆ! 1481ರಲ್ಲಿ ಸುಳ್ಳು ಆರೋಪದ ಮೇಲೆ ಗವಾನರಿಗೆ ಮರಣದಂಡನೆಯಾಯಿತು. ಮುಂದೆ ಮದ್ದಿನ ಸ್ಫೋಟದಿಂದ ಕಟ್ಟಡದ ಒಂದು ಭಾಗ ಕುಸಿಯಿತು. ಉಳಿದ ಭಾಗ ಇಂದಿಗೂ ಪಾಠ ಹೇಳುತ್ತಿದೆ.

ನಮ್ಮ ಜಿಲ್ಲೆಯೂ ಹಿಂದೆ ಬಿದ್ದಿಲ್ಲ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಲಕ್ಷ್ಮೇಶ್ವರದ ಆದಿಲಶಾಹಿ ಕಾಲದ ಜಾಮಿಯಾ ಮಸೀದಿಯ ಕಲ್ಲಿನ ಕಮಾನುಗಳ ಕೆಳಗೆ ಮಟಮಟ ಮಧ್ಯಾಹ್ನವೂ ತಂಪು, ಮೌನ.

ಆದರೆ ಬೆಟಗೇರಿಯ ನನ್ನ ವಿದ್ಯಾರ್ಥಿನಿಯೊಬ್ಬಳ ಮಾತು ಕೇಳಿ: "ಮನ್ಯಾಗ ಒಂದ ಖೋಲಿ, ಅದರಾಗ ಮಗ್ಗ. ಎಲ್ಲಾರೂ ಮಲಗಿದ ಮ್ಯಾಲೆ ನನ್ನ ಓದು."

ಗವಾನರ ಸಂಪತ್ತು ನಮ್ಮಲ್ಲಿಲ್ಲ, ನಿಜ. ಆದರೆ ಮೊಹಲ್ಲಾಕ್ಕೊಂದು ಶಾಂತ ಕೋಣೆ, ಒಂದು ದೀಪ, ಹೆಣ್ಣುಮಕ್ಕಳಿಗೂ ನಿಗದಿತ ಸಮಯ. ಬರುವ ಪರೀಕ್ಷೆಗೆ ಮುನ್ನ ಇಷ್ಟಾದರೂ ನಮ್ಮಿಂದ ಆಗದೇ?