ತೂಕವಿಲ್ಲದ ಲೋಕದಲ್ಲಿ ರಕ್ತದ ಹರಿವು

ನಿಂತ ಮನುಷ್ಯನ ಹೃದಯದ ಬಳಿ ಸರಾಸರಿ ರಕ್ತದೊತ್ತಡ 100 ಮಿಲಿಮೀಟರ್ ಪಾದರಸ ಇದ್ದರೆ, ಪಾದದ ಅಪಧಮನಿಗಳಲ್ಲಿ ಅದು 200ರ ಹತ್ತಿರ, ತಲೆಯಲ್ಲಿ 70ರ ಆಸುಪಾಸು. ಈ ಏರಿಳಿತಕ್ಕೆ ಕಾರಣ ರಕ್ತದ ತೂಕ. ತೂಕವೇ ಇಲ್ಲವಾದರೆ ಏನಾಗುತ್ತದೆ? 1961ರಲ್ಲಿ ಮೊದಲ ಗಗನಯಾತ್ರಿ ಗಗಾರಿನ್ 108 ನಿಮಿಷ ಹಾರಿ ಬಂದಾಗ ಹೃದಯ ನಿಲ್ಲುವುದಿಲ್ಲ ಎಂಬುದಷ್ಟೇ ಖಚಿತವಾಯಿತು.

ತೊಂದರೆ ಮೊದಲು ಕಂಡದ್ದು ಹಾರಾಟದಲ್ಲಲ್ಲ, ಮರಳಿದ ಮೇಲೆ. 1963ರಲ್ಲಿ 34 ಗಂಟೆ ಕಕ್ಷೆಯಲ್ಲಿದ್ದು ಇಳಿದ ಗಾರ್ಡನ್ ಕೂಪರ್‌ಗೆ ಎದ್ದು ನಿಂತಾಗ ತಲೆ ಸುತ್ತಿತು, ನಾಡಿ ಓಡಿತು. 1970ರಲ್ಲಿ ಸೋಯುಜ್-9ರಲ್ಲಿ ಸುಮಾರು 18 ದಿನ ಕಳೆದ ನಿಕೊಲಾಯೆವ್ ಮತ್ತು ಸೆವಾಸ್ತ್ಯಾನೊವ್ ಎದ್ದು ನಿಲ್ಲಲೂ ಕಷ್ಟಪಟ್ಟರು. ಆಮೇಲೆ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನ ಯಾತ್ರಿಗಳನ್ನು ಅಳೆದು ನೋಡಿದಾಗ ಕಾಲುಗಳು ಸೊರಗಿದ್ದವು, ಮುಖ ಊದಿತ್ತು. ಕಾಲಿನ ದ್ರವ ಎದೆ ಮತ್ತು ತಲೆಯ ಕಡೆಗೆ ಸರಿದಿತ್ತು. ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಶೇ. 10ರಿಂದ 15ರಷ್ಟು ತಗ್ಗುತ್ತದೆ ಎಂಬುದೂ ಮುಂದೆ ಸ್ಪಷ್ಟವಾಯಿತು. ಭೂಮಿಗೆ ಮರಳಿದಾಗ ಉಳಿದಷ್ಟೇ ರಕ್ತ ಕಾಲಿಗಿಳಿಯುತ್ತದೆ, ಮೆದುಳಿಗೆ ಸಾಲುವುದಿಲ್ಲ.

ದ್ರವ ಮೇಲೇರಿದರೆ ಹೃದಯಕ್ಕೆ ಮರಳುವ ದೊಡ್ಡ ಅಭಿಧಮನಿಯಲ್ಲಿ ಒತ್ತಡವೂ ಏರಲೇಬೇಕು ಎಂದು ಎಲ್ಲರೂ ನಂಬಿದ್ದರು. ಅದನ್ನು ಪರೀಕ್ಷಿಸಿದ ಪ್ರಯೋಗ ಈ ಕ್ಷೇತ್ರದಲ್ಲೇ ಅತ್ಯಂತ ಸುಂದರವಾದದ್ದು ಎಂದು ನನಗನಿಸುತ್ತದೆ. 1991ರ ಜೂನ್‌ನಲ್ಲಿ ಕೊಲಂಬಿಯಾ ಶಟಲ್ ನೌಕೆ ಏರಿದ ಹೃದ್ರೋಗ ತಜ್ಞ ಡ್ರೂ ಗಾಫ್ನಿ ತಮ್ಮದೇ ಎದೆಯ ಅಭಿಧಮನಿಯೊಳಗೆ ಕ್ಯಾಥೆಟರ್ ಎಂಬ ಸಪೂರ ನಳಿಕೆ ಇಟ್ಟುಕೊಂಡು ಹಾರಿದರು. ಒತ್ತಡ ಏರಲಿಲ್ಲ, ಇಳಿಯಿತು! ಮುಂದಿನ ಹಾರಾಟದವರನ್ನೂ ಸೇರಿಸಿ ಮೂವರಲ್ಲಿ ಅಳೆದಾಗ, ಉಡಾವಣೆಗೆ ಮುನ್ನ ಕಾಲೆತ್ತಿ ಮಲಗಿದ್ದಾಗ 15 ಸೆಂಟಿಮೀಟರ್ ನೀರಿನಷ್ಟಿದ್ದ ಒತ್ತಡ ತೂಕವಿಲ್ಲದ ಹತ್ತು ನಿಮಿಷಗಳಲ್ಲಿ 2.5ಕ್ಕೆ ಬಿದ್ದಿತ್ತು. ಹಾಗಿದ್ದರೂ ಹೃದಯ ಮೊದಲಿಗಿಂತ ಹೆಚ್ಚು ತುಂಬಿಕೊಂಡಿತ್ತು. ಇದೇನು ವಿರೋಧಾಭಾಸ? ಪೀಟರ್ ನೋರ್ಸ್ಕ್ ತಂಡ ಕೆಲ ಕ್ಷಣ ತೂಕ ಕಳೆಯುವ ವಿಮಾನದ ಪ್ಯಾರಾಬೋಲಾ ಹಾರಾಟಗಳಲ್ಲಿ, ಹೃದಯದ ಸುತ್ತಲಿನ ಒತ್ತಡವನ್ನು ಸೂಚಿಸುವ ಅನ್ನನಾಳದ ಒತ್ತಡ ಅಳೆದು ಉತ್ತರ ಕೊಟ್ಟಿತು. ಭೂಮಿಯ ಮೇಲೆ ಎದೆಗೂಡು, ಅಂಗಾಂಗಗಳ ಭಾರ ಹೃದಯವನ್ನು ಹೊರಗಿನಿಂದ ಅದುಮುತ್ತದೆ. ಅದು ತೊಲಗಿದಾಗ ಎದೆ ಅರಳುತ್ತದೆ, ಹೃದಯದ ಸುತ್ತಲಿನ ಒತ್ತಡ ಒಳಗಿನದಕ್ಕಿಂತ ಹೆಚ್ಚು ಕುಸಿಯುತ್ತದೆ. ಹೃದಯ ತುಂಬುವುದು ಒಳಗಿನ ಒತ್ತಡವೊಂದರಿಂದಲ್ಲ, ಒಳ ಹೊರಗಿನ ವ್ಯತ್ಯಾಸದಿಂದ.

ಶಟಲ್ ಯುಗದಲ್ಲೇ ಇನ್ನೊಂದು ಲೆಕ್ಕವೂ ಸಿಕ್ಕಿತು: ಮರಳಿದ 14 ಯಾತ್ರಿಗಳಲ್ಲಿ 9 ಮಂದಿಗೆ ಹತ್ತು ನಿಮಿಷ ನಿಲ್ಲುವ ಪರೀಕ್ಷೆ ಮುಗಿಸಲಾಗಲಿಲ್ಲ. ಬಹುತೇಕರ ಹೃದಯ ದುರ್ಬಲವಾಗಿರಲಿಲ್ಲ. ನಿಂತಾಗ ನಾಳಗಳು ಬೇಕಾದಷ್ಟು ಬಿಗಿಯಾಗುತ್ತಿರಲಿಲ್ಲ. ಗಮನ ಹೃದಯದಿಂದ ನಾಳಗಳ ಗೋಡೆಗೆ ಸರಿದದ್ದು ಇಲ್ಲಿಂದ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ತಿಂಗಳು ಕಳೆದವರ ಕತ್ತಿನ ಅಪಧಮನಿಗಳು ಬಿರುಸಾಗುವುದನ್ನು ಕೆನಡಾದ ರಿಚರ್ಡ್ ಹ್ಯೂಸನ್ ತಂಡ ತೋರಿಸಿತು. ಆ ಬದಲಾವಣೆ ಭೂಮಿಯಲ್ಲಿ ಹತ್ತಿಪ್ಪತ್ತು ವರ್ಷ ವಯಸ್ಸಾದುದಕ್ಕೆ ಸಮ.

ನನ್ನನ್ನು ಹೆಚ್ಚು ಕಾಡಿದ್ದು ಕತ್ತಿನ ಅಭಿಧಮನಿಯ ಕಥೆ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 11 ಯಾತ್ರಿಗಳ ಪೈಕಿ ಆರು ಮಂದಿಯ ಎಡಗತ್ತಿನ ಅಭಿಧಮನಿಯಲ್ಲಿ ರಕ್ತ ನಿಂತೇ ಬಿಟ್ಟಿತ್ತು ಅಥವಾ ಹಿಮ್ಮುಖವಾಗಿ ಹರಿಯುತ್ತಿತ್ತು. ಭೂಮಿಯಲ್ಲಿ ತಲೆಯಿಂದ ತಾನಾಗಿ ಇಳಿಯುವ ರಕ್ತಕ್ಕೆ ಅಲ್ಲಿ ‘ಕೆಳಗೆ’ ಎಂಬುದೇ ಇಲ್ಲ. ಒಬ್ಬರಲ್ಲಿ ಹೆಪ್ಪು ಕಟ್ಟಿತ್ತು. ಯಾವ ನೋವೂ ಇರಲಿಲ್ಲ. ಸಂಶೋಧನೆಗೆಂದು ಮಾಡಿದ ಅಲ್ಟ್ರಾಸೌಂಡ್ ಅದನ್ನು ಹಿಡಿಯಿತು. ನಿಲ್ದಾಣದಲ್ಲಿದ್ದ ಸೀಮಿತ ಚುಚ್ಚುಮದ್ದಿನಿಂದ ಚಿಕಿತ್ಸೆ ಶುರುವಾಗಿ, ಸರಕು ನೌಕೆಯಲ್ಲಿ ಮಾತ್ರೆ ಬಂದಮೇಲೆ ಮುಂದುವರಿಯಿತು. ಅದೃಷ್ಟಕ್ಕೆ ಕಂಡಿತು ಎನ್ನಬೇಕು. ಅರವತ್ತು ವರ್ಷ ಹೃದಯದ ಮಿಡಿತ ಎಣಿಸಿದ ವೈದ್ಯರು ಈ ನಾಳವನ್ನು ಇಷ್ಟು ತಡವಾಗಿ ನೋಡಿದ್ದು ನನಗೆ ಬೇಸರ ತರುತ್ತದೆ.

ಈ ಪ್ರಶ್ನೆಗಳು ಈಗ ನಮ್ಮವೂ ಹೌದು. ಭಾರತದ ಮಾನವಸಹಿತ ಬಾಹ್ಯಾಕಾಶ ಯೋಜನೆಯಾದ ಗಗನಯಾನಕ್ಕೆ ಯಾತ್ರಿಗಳನ್ನು ಆರಿಸುವ ವೈದ್ಯಕೀಯ ಪರೀಕ್ಷೆಗಳು ನಡೆದದ್ದು ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆಯಲ್ಲಿ. ಆ ಯೋಜನೆಯ ಹಾರಾಟ ಮೂರು ದಿನದ್ದು. ನಾಳಗಳು ಬಿರುಸಾಗುವುದನ್ನು ನೋಡಲು ಅಷ್ಟು ಸಾಲದು, ಆದರೆ ದ್ರವ ಮೇಲಕ್ಕೆ ಸರಿಯುವುದು ಮೊದಲ ಗಂಟೆಗಳಲ್ಲೇ. ಒಂದು ಪುಟ್ಟ ಅಲ್ಟ್ರಾಸೌಂಡ್ ಯಂತ್ರ ಜೊತೆಗಿದ್ದರೆ ಮೊದಲ ದಿನದಿಂದಲೇ ನಮ್ಮ ಯಾತ್ರಿಗಳ ಎಡಗತ್ತಿನ ಅಭಿಧಮನಿಯನ್ನು ನೋಡಬಹುದು.