ಹರಿಯಲೊಲ್ಲದ ಪುಡಿ

ಗಿರಣಿಗೆ ರಾಗಿ ಬೀಸಿಸಲು ಹೋದವರೆಲ್ಲ ಈ ನೋಟವನ್ನು ಕಂಡಿರುತ್ತಾರೆ. ಮೇಲಿನ ಆಲಿಕೆಗೆ ಸುರಿದ ಕಾಳು ನೀರಿನಂತೆ ಸರಸರನೆ ಇಳಿದುಹೋಗುತ್ತದೆ. ಅದೇ ರಾಗಿ ಹಿಟ್ಟಾಗಿ ಹೊರಬೀಳುವ ಕಡೆ ಮಾತ್ರ ಗಿರಣಿಯವನು ತಗಡಿನ ಬಾಯನ್ನು ಆಗಾಗ ಗುದ್ದುತ್ತಿರಬೇಕು. ಕಾಳಿಗಿದ್ದ ಗುಣ ಹಿಟ್ಟಿಗೇಕಿಲ್ಲ? ಅಡಿಗೆಮನೆಯದೆಂದು ತೋರುವ ಈ ಪ್ರಶ್ನೆಯೊಡನೆ ಔಷಧದ ಕಾರ್ಖಾನೆಗಳು ನೂರು ವರ್ಷಕ್ಕೂ ಮಿಕ್ಕಿ ಹೆಣಗಿವೆ. ನಾವು ನುಂಗುವ ಮಾತ್ರೆಯಲ್ಲಿ ಮದ್ದು ಎಷ್ಟಿದೆಯೆಂಬುದು ಅದರ ಉತ್ತರವನ್ನೇ ನೆಮ್ಮಿಕೊಂಡಿದೆ.

ಕಥೆ ಮೊದಲಾಗುವುದು ವೈದ್ಯನಿಂದಲ್ಲ, ಚಿತ್ರಕಾರನಿಂದ. ಇಂಗ್ಲೆಂಡಿನ ವಿಲಿಯಂ ಬ್ರಾಕೆಡನ್ ಗಡಿಯಾರದ ಕೆಲಸದವನ ಮಗ. ಆಲ್ಪ್ಸ್ ಪರ್ವತದ ಕಣಿವೆದಾರಿಗಳ ಚಿತ್ರಗಳಿಂದ ಹೆಸರು ಮಾಡಿದವನು. ಚಿತ್ರ ಬರೆಯುವವನಿಗೆ ಒಳ್ಳೆಯ ಸೀಸದಕಡ್ಡಿ ಬೇಕು. (ಸೀಸದಕಡ್ಡಿಯಲ್ಲಿ ಸೀಸ ಎಳ್ಳಷ್ಟೂ ಇಲ್ಲ. ಇರುವುದು ಗ್ರಾಫೈಟ್, ತಪ್ಪು ಹೆಸರೇ ಗಟ್ಟಿಯಾಗಿ ನಿಂತಿದೆ.) ಬಾರೋಡೇಲ್ ಗಣಿಯ ಗಟ್ಟಿ ಗ್ರಾಫೈಟ್ ಆಗ ತೀರುತ್ತ ಬಂದಿತ್ತು. ಪುಡಿಯನ್ನೇ ಅಚ್ಚಿನಲ್ಲಿಟ್ಟು ಒತ್ತಿ ಗಟ್ಟಿಮಾಡಿದರೆ ಹೇಗೆ ಎಂದು ಬ್ರಾಕೆಡನ್ ಯೋಚಿಸಿದ. ಒತ್ತುವ ಯಂತ್ರ ಕೈಗೆ ಬಂದಮೇಲೆ ಗ್ರಾಫೈಟಿಗೇ ಏಕೆ ನಿಲ್ಲಬೇಕು? 1843ರಲ್ಲಿ ಅವನು ಪಡೆದ ಪೇಟೆಂಟು ಸೀಸದಕಡ್ಡಿಯ ಗ್ರಾಫೈಟನ್ನೂ ಔಷಧದ ಗುಳಿಗೆಯನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಇಂದಿನ ಮಾತ್ರೆಯ ಮೂಲಪುರುಷ ಇವನೇ.

ಅವನು ಒತ್ತಿದ ಮದ್ದುಗಳಲ್ಲಿ ಪೊಟ್ಯಾಸಿಯಂ ಬೈಕಾರ್ಬೊನೇಟ್ ಒಂದು. ಇದು ಅವನ ಅದೃಷ್ಟವೆಂದೇ ನನಗೆ ತೋರುತ್ತದೆ. ಹರಳುಹರಳಾದ ಲವಣ ತಾನಾಗಿಯೇ ಜಾರಿ ಅಚ್ಚನ್ನು ತುಂಬುತ್ತದೆ. ಮೈದಾದಂಥ ಮದ್ದಿನಿಂದ ಮೊದಲುಮಾಡಿದ್ದರೆ ಅವನು ಅಲ್ಲಿಗೇ ಕೈಬಿಡುತ್ತಿದ್ದನೋ ಏನೋ.

ತೊಡಕು ಕಾಣಿಸಿಕೊಂಡದ್ದು ಯಂತ್ರಕ್ಕೆ ವೇಗ ಬಂದಮೇಲೆ. 1872ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈತ್ ಸೋದರರ ಕಾರ್ಖಾನೆಯ ಹೆನ್ರಿ ಬೋವರ್ ತಿರುಗುವ ಒತ್ತುಯಂತ್ರವನ್ನು ಕಟ್ಟಿದ. ಲಂಡನ್ನಿನ ಬರೋಸ್ ವೆಲ್ಕಂ ಸಂಸ್ಥೆ 1884ರಲ್ಲಿ ತನ್ನ ಮಾತ್ರೆಗಳಿಗೆ ‘ಟ್ಯಾಬ್ಲಾಯ್ಡ್’ ಎಂಬ ಹೆಸರನ್ನು ನೋಂದಾಯಿಸಿತು. ಚಿಕ್ಕ ಪತ್ರಿಕೆಗಳಿಗೆ ಈ ಹೆಸರು ಅಂಟಿದ್ದು ಆಮೇಲಿನ ಮಾತು. ಈ ಯಂತ್ರಗಳಿಗೆ ತೂಕ ತಿಳಿಯದು. ಅಚ್ಚಿನ ಗುಳಿ ತುಂಬುವುದಷ್ಟೇ ಅವಕ್ಕೆ ಗೊತ್ತು. ಅಳತೆಯೆಲ್ಲ ಪಾವು ಚಟಾಕುಗಳ ಬಗೆಯದು. ಆಲಿಕೆಯಲ್ಲಿ ಪುಡಿ ಕಮಾನು ಕಟ್ಟಿಕೊಂಡು ನಿಂತರೆ ಗುಳಿ ಅರೆ ತುಂಬುತ್ತದೆ, ಮಾತ್ರೆಯಲ್ಲಿ ಮದ್ದು ಅರೆಯಾಗುತ್ತದೆ. ಅದೇ ಬರೋಸ್ ವೆಲ್ಕಂನ ರಸಾಯನಶಾಸ್ತ್ರಜ್ಞ ಸಿಡ್ನಿ ಸ್ಮಿತ್ 1930ರಲ್ಲಿ ಡಿಜಿಟಾಲಿಸ್ ಗಿಡದಿಂದ ಡಿಗಾಕ್ಸಿನ್ ಎಂಬ ಹೃದ್ರೋಗದ ಮದ್ದನ್ನು ಬೇರ್ಪಡಿಸಿದ. ಅದರ ಒಂದು ಮಾತ್ರೆಯಲ್ಲಿ ಮದ್ದು ಮಿಲಿಗ್ರಾಮಿನ ಕಾಲುಭಾಗ ಮಾತ್ರ. ಕಡಿಮೆಯಾದರೆ ಗುಣವಿಲ್ಲ, ಹೆಚ್ಚಾದರೆ ವಿಷ. ಇಂಥ ಕಡೆ ಪುಡಿಯ ಹಟಮಾರಿತನ ರೋಗಿಯ ಎದೆಗೇ ತಟ್ಟುತ್ತದೆ.

ಪುಡಿ ಹೀಗೇಕೆ ಮಾಡುತ್ತದೆ? ಕಣದ ಅಡ್ಡಳತೆ ಅರ್ಧವಾದರೆ ಅದರ ತೂಕ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ನೆರೆಯ ಕಣದ ಮೇಲಿನ ಸೆಳೆತ ಮಾತ್ರ ಅರ್ಧಕ್ಕಷ್ಟೇ ಇಳಿಯುತ್ತದೆ. ಅರೆಯುತ್ತ ಹೋದಂತೆ ಭೂಮಿಯ ಸೆಳೆತ ಸೋಲುತ್ತದೆ, ನೆರೆಯವರ ಅಂಟು ಗೆಲ್ಲುತ್ತದೆ.

ಹಳೆಯ ಉಪಾಯ ಸುಲಭವಾಗಿತ್ತು: ಹಿಟ್ಟನ್ನು ಮತ್ತೆ ಕಾಳು ಮಾಡುವುದು. ಪಿಷ್ಟದ ಗಂಜಿಯಲ್ಲಿ ಪುಡಿಯನ್ನು ಕಲಸಿ, ಜರಡಿಯಲ್ಲಿ ಒತ್ತಿ, ಒಣಗಿಸಿದರೆ ತರಿಯಾಗುತ್ತದೆ, ತರಿ ಹರಿಯುತ್ತದೆ. ಆದರೆ 1899ರಲ್ಲಿ ಬಂದ ಆಸ್ಪಿರಿನ್‌ನಂಥ ಮದ್ದು ತೇವ ತಗಲಿದರೆ ಕೆಡುತ್ತದೆ. ಅದಕ್ಕೆ ಒಣ ಪುಡಿಯನ್ನೇ ದಪ್ಪ ಬಿಲ್ಲೆಗಳಾಗಿ ಒತ್ತಿ, ಒಡೆದು, ಆ ತರಿಯನ್ನು ಇನ್ನೊಮ್ಮೆ ಒತ್ತುವ ಸುತ್ತುದಾರಿ ಹುಟ್ಟಿತು.

ಆಲಿಕೆಯಲ್ಲಿ ಪುಡಿಯನ್ನು ಇನ್ನಷ್ಟು ಪೇರಿಸಿದರೆ ಮೇಲಿನ ಭಾರಕ್ಕೆ ಕೆಳಗಿನದು ಇಳಿದೀತೆಂದು ಯಾರಿಗಾದರೂ ತೋಚುತ್ತದೆ. ಇದು ಹುಸಿಯೆಂಬುದಕ್ಕೆ ಕಾರಣವನ್ನು 1895ರಲ್ಲೇ ಜಾನ್ಸೆನ್ ಎಂಬ ಜರ್ಮನ್ ಇಂಜಿನಿಯರು ಧಾನ್ಯದ ಕಣಜಗಳನ್ನು ಪರೀಕ್ಷಿಸಿ ತೋರಿಸಿದ್ದ. ಒಂದು ಮಟ್ಟ ದಾಟಿದಮೇಲೆ ಹೆಚ್ಚಿನ ಭಾರವನ್ನೆಲ್ಲ ಗೋಡೆಯೇ ಹೊತ್ತುಕೊಳ್ಳುತ್ತದೆ. ಆಲಿಕೆಯ ಇಳಿಜಾರು ಎಷ್ಟಿರಬೇಕು, ಬಾಯಿ ಎಷ್ಟಗಲ ಬೇಕು ಎಂಬುದನ್ನು ಲೆಕ್ಕದಿಂದ ಹೇಳುವ ವಿದ್ಯೆಗೆ 1964ರವರೆಗೆ ಕಾಯಬೇಕಾಯಿತು. ಆ ವರ್ಷ ಯೂಟಾ ವಿಶ್ವವಿದ್ಯಾಲಯದಿಂದ ಹೊರಬಂದ ಆಂಡ್ರೂ ಜೆನಿಕೆಯ ಪುಸ್ತಿಕೆಯೇ ಇಂದಿಗೂ ಆಧಾರ. ಅದಕ್ಕೆ ಮೊದಲು ಇದ್ದ ಶಾಸ್ತ್ರವೆಂದರೆ ಸುತ್ತಿಗೆ.

ಇನ್ನೊಂದು ನೆರವು ಯುದ್ಧಕಾಲದಲ್ಲಿ ಒದಗಿತು. 1942ರಲ್ಲಿ ಜರ್ಮನಿಯ ಡೆಗುಸ್ಸಾ ಸಂಸ್ಥೆಯ ಹ್ಯಾರಿ ಕ್ಲೋಪ್ಫರ್ ಕಾಡಿಗೆಯಂಥ ಇಂಗಾಲದ ಪುಡಿಗೆ ಬದಲಿ ಹುಡುಕುತ್ತ, ಸಿಲಿಕಾನಿನ ಸಂಯುಕ್ತವನ್ನು ಜ್ವಾಲೆಯಲ್ಲಿ ಉರಿಸಿ ಹೊಗೆಯಷ್ಟು ನವುರಾದ ಬಿಳಿಯ ಪುಡಿಯನ್ನು ಪಡೆದ. ಅದೇ ಏರೋಸಿಲ್. ಅದರ ಪ್ರಚಲಿತ ಬಗೆಯೊಂದರಲ್ಲಿ ಒಂದು ಗ್ರಾಂ ಪುಡಿಯ ಮೈಯನ್ನೆಲ್ಲ ಬಿಡಿಸಿ ಹಾಸಿದರೆ 200 ಚದರ ಮೀಟರು. ಮದ್ದಿನ ಕಣಗಳ ಮೇಲೆ ಇದು ಚಿಕ್ಕ ಚಿಕ್ಕ ಬೊಕ್ಕೆಗಳಂತೆ ಕೂತು ಅವು ಒಂದನ್ನೊಂದು ಅಪ್ಪದಂತೆ ದೂರವಿಡುತ್ತದೆ. ನೂರಕ್ಕೆ ಅರ್ಧ ಭಾಗ ಬೆರೆಸಿದರೂ ಎಷ್ಟೋ ವೇಳೆ ಸಾಕು. ಮೆಗ್ನೀಸಿಯಂ ಸ್ಟಿಯರೇಟನ್ನು ಬೆರೆಸುವುದು ಮುಖ್ಯವಾಗಿ ಮಾತ್ರೆ ಅಚ್ಚಿಗೆ ಕಚ್ಚದಿರಲೆಂದು. ಅದನ್ನು ಅತಿಯಾಗಿ ಕಲಸಿದರೆ ಕಣಗಳಿಗೆಲ್ಲ ಜಿಡ್ಡು ಮೆತ್ತಿ ಮಾತ್ರೆ ಮೆದುವಾಗುತ್ತದೆ, ಹೊಟ್ಟೆಯಲ್ಲಿ ತಡವಾಗಿ ಕರಗುತ್ತದೆ.

ಪುಡಿ ಹರಿದೀತೇ ಎಂದು ಮೊದಲೇ ಅರಿಯಲು 1965ರಲ್ಲಿ ರಾಲ್ಫ್ ಕಾರ್ ಹೇಳಿದ ಪರೀಕ್ಷೆಗಳಲ್ಲಿ ಒಂದನ್ನು ನಮ್ಮ ಅಜ್ಜಿಯರು ಮೆಚ್ಚಿಕೊಳ್ಳುತ್ತಿದ್ದರು. ಸೇರಿಗೆ ಹಿಟ್ಟು ತುಂಬಿ ತಟ್ಟಿದರೆ ಎಷ್ಟು ಕುಸಿಯುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಯವನು ತಟ್ಟದೆ ಅಳೆದರೆ ಬಿಡುತ್ತಿರಲಿಲ್ಲ. ಕಾರ್‌ನ ಲೆಕ್ಕವೂ ಅದೇ. 100 ಮಿಲಿಲೀಟರು ಪುಡಿ ತಟ್ಟಿದ ಮೇಲೆ 90ಕ್ಕಿಂತ ಕೆಳಗಿಳಿಯದಿದ್ದರೆ ಅದು ಸೊಗಸಾಗಿ ಹರಿಯುವ ಪುಡಿ. 60ಕ್ಕೆ ಕುಸಿದರೆ ಅದರಿಂದ ಮಾತ್ರೆ ಮಾಡುವ ಆಸೆಯನ್ನು ಹಾಗೆಯೇ ಇಟ್ಟುಕೊಳ್ಳಬಾರದು. ಔಷಧಸಂಹಿತೆಗಳಲ್ಲಿ ಈ ಪರೀಕ್ಷೆಗೆ ಈಗಲೂ ಸ್ಥಾನವಿದೆ.

ಹಾಗೆಂದು ಪುಡಿ ಎಷ್ಟು ಸಲೀಸಾಗಿ ಹರಿದರೆ ಅಷ್ಟೂ ಒಳ್ಳೆಯದೆಂದಲ್ಲ. ತೀರ ಸಡಿಲವಾದ ಮಿಶ್ರಣದಲ್ಲಿ ಸಣ್ಣ ಕಣಗಳು ದಪ್ಪ ಕಣಗಳ ಸಂದಿಯಿಂದ ನುಸುಳಿ ತಳ ಸೇರುತ್ತವೆ. ಅವಲಕ್ಕಿಯ ಡಬ್ಬಿಯ ತಳದಲ್ಲಿ ನುಚ್ಚು ಉಳಿಯುವುದು ಹೀಗೆಯೇ. ಮದ್ದು ಸಣ್ಣ ಕಣದ್ದಾಗಿದ್ದರೆ ಒಂದೇ ಪೀಪಾಯಿಯ ಮಿಶ್ರಣದಿಂದ ಕೆಲವು ಮಾತ್ರೆಗಳು ಸಪ್ಪೆಯಾಗಿಯೂ ಕೆಲವು ತೀಕ್ಷ್ಣವಾಗಿಯೂ ಹೊರಬರುತ್ತವೆ. ತೂಕಕ್ಕಿಟ್ಟು ನೋಡಿದರೆ ಎಲ್ಲವೂ ಒಂದೇ ಸಮ. ಆದಕಾರಣ ಒಂದೊಂದು ತಂಡದಿಂದಲೂ ಕೆಲವು ಮಾತ್ರೆಗಳನ್ನು ಎತ್ತಿಕೊಂಡು, ಬಿಡಿಬಿಡಿಯಾಗಿ ಕರಗಿಸಿ, ಒಳಗಿನ ಮದ್ದನ್ನು ಅಳೆದು ನೋಡಬೇಕಾಗುತ್ತದೆ.